ದಿನಾ ವಾಕಿಂಗ್ ಮಾಡಿದರೆ ಸಾಕೇ, ಏದುಸಿರು ಬರಲೇಬೇಕೇ?

ಪ್ರಶ್ನೆ: ನನಗೆ 47 ವರ್ಷ. ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸ, ದಿನವಿಡೀ ಕುರ್ಚಿ. ತೂಕ 74 ಕೆಜಿ, ಬಿಪಿ 138/88, ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ) 6.1. ಮಾತ್ರೆ ಇನ್ನೂ ಶುರುವಾಗಿಲ್ಲ. ಎರಡು ವರ್ಷದಿಂದ ಬೆಳಿಗ್ಗೆ 40 ನಿಮಿಷ ವಾಕಿಂಗ್ ಮಾಡ್ತಿದ್ದೀನಿ. ತೂಕವೂ ಇಳಿದಿಲ್ಲ, ಶುಗರ್ರೂ ಇಳಿದಿಲ್ಲ. ಬೆಂಗಳೂರಿನಲ್ಲಿರುವ ಮಗ ‘ಅಪ್ಪಾ, ವಾಕಿಂಗ್ ಬಿಟ್ಹಾಕಿ, ಹತ್ತು ನಿಮಿಷ ಹಿಟ್ ಮಾಡಿದ್ರೆ ಸಾಕು’ ಅಂತಾನೆ. ಹಿಟ್ (HIIT) ಅಂದರೆ ಸ್ವಲ್ಪ ಹೊತ್ತು ಪೂರ್ತಿ ಬಿರುಸು, ಸ್ವಲ್ಪ ಹೊತ್ತು ನಿಧಾನ, ಹೀಗೆ ಸುತ್ತು ಸುತ್ತಾಗಿ ಮಾಡುವ ವ್ಯಾಯಾಮವಂತೆ. ನಮ್ಮ ಮನೆಯವಳು ‘ಪುನೀತ್ ರಾಜ್‌ಕುಮಾರ್ ಅವರಿಗೆ ಹಾಗಾದ ಮೇಲೂ ಈ ವಯಸ್ಸಿನಲ್ಲಿ ಇವೆಲ್ಲ ಬೇಕಾ’ ಅಂತ ಹೆದರ್ತಾಳೆ. ಯಾರ ಮಾತು ಕೇಳಲಿ?

ಉತ್ತರ: ಮಗನ ಮಾತಿನಲ್ಲಿ ಹುರುಳಿದೆ, ನಿಮ್ಮ ಮನೆಯವರ ಹೆದರಿಕೆಗೂ ಕಾರಣವಿದೆ. ಆದರೂ ವಾಕಿಂಗ್ ಬಿಡಬೇಡಿ. ವಾರದಲ್ಲಿ ಎರಡು ದಿನ ಅದೇ ವಾಕಿಂಗನ್ನು ನಡುನಡುವೆ ಏದುಸಿರು ಬರುವಷ್ಟು ಬಿರುಸಾಗಿಸಿ, ಇನ್ನೆರಡು ದಿನ ಬಸ್ಕಿ ಹೊಡೆಯಿರಿ. ನಿಮ್ಮ ವಯಸ್ಸಿಗೆ, ನಿಮ್ಮ ರಿಪೋರ್ಟಿಗೆ ಇದು ಹೊಂದುತ್ತದೆ.

ಮೊದಲು ಒಂದು ಲೆಕ್ಕ ಆಗಲಿ. ನಾಳೆ ಬೆಳಿಗ್ಗೆ ನಡೆಯಲು ಶುರುಮಾಡಿ ಹತ್ತು ನಿಮಿಷ ಆದ ಮೇಲೆ ಮೊಬೈಲಿನಲ್ಲಿ 30 ಸೆಕೆಂಡಿಗೆ ಟೈಮರ್ ಇಟ್ಟು ಹೆಜ್ಜೆ ಎಣಿಸಿ. 50 ಬಂದರೆ, ಅಂದರೆ ನಿಮಿಷಕ್ಕೆ 100 ಹೆಜ್ಜೆ, ನಿಮ್ಮದು ಮಧ್ಯಮ ಶ್ರಮದ ನಡಿಗೆ. ಅದೂ ಅದರ ಕೆಳಗಿನ ಅಂಚು. 65ರ ಆಸುಪಾಸು ಬಂದರೆ ತೀವ್ರ ಶ್ರಮ. ಪಾರ್ಕಿನಲ್ಲಿ ಸ್ನೇಹಿತರ ಜೊತೆ ಟ್ರಾನ್ಸ್‌ಫರ್, ಸೈಟು, ರಾಜಕೀಯ ಮಾತಾಡಿಕೊಂಡು ಹೋಗುವವರ ಎಣಿಕೆ 50 ಮುಟ್ಟುವುದು ಅಪರೂಪ. ಉಸಿರನ್ನು ನೋಡಿದರೂ ತಿಳಿಯುತ್ತದೆ: ಮಾತಾಡಬಹುದು ಆದರೆ ಹಾಡಲಾಗದು ಅನ್ನಿಸಿದರೆ ಮಧ್ಯಮ, ಮೂರ್ನಾಲ್ಕು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕಾಗಿ ಬಂದರೆ ತೀವ್ರ. ಎರಡು ವರ್ಷ ಒಂದೇ ದಾರಿಯಲ್ಲಿ ಒಂದೇ ವೇಗದಲ್ಲಿ ನಡೆದರೆ ದೇಹ ಅದಕ್ಕೆ ಒಗ್ಗಿಬಿಡುತ್ತದೆ. ಶುರುವಿನಲ್ಲಿ ನಾಡಿಯನ್ನು 120ಕ್ಕೆ ಏರಿಸುತ್ತಿದ್ದ ನಡಿಗೆ ಈಗ 100 ದಾಟಿಸದೇ ಇರಬಹುದು. ‘ವಾಕಿಂಗ್ ಕೆಲಸ ಮಾಡ್ತಿಲ್ಲ’ ಅನ್ನುವವರಲ್ಲಿ ಬಹುಪಾಲು ಮಂದಿಯ ತೊಂದರೆ ವಾಕಿಂಗ್‌ನದ್ದಲ್ಲ, ವೇಗದ್ದು.

ಇನ್ನು ಮಗ ಹೇಳುವ ಹತ್ತು ನಿಮಿಷ. ಅದು ಗಾಳಿಮಾತಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗಿಬಾಲಾ ಅವರ ತಂಡ 2016ರಲ್ಲಿ ಪ್ರಕಟಿಸಿದ ಪ್ರಯೋಗ ಬಹುಶಃ ಅವರ ಕಿವಿಗೂ ಬಿದ್ದಿರಬೇಕು. ವ್ಯಾಯಾಮದ ರೂಢಿಯಿಲ್ಲದ ಗಂಡಸರು, ವಾರಕ್ಕೆ ಮೂರು ದಿನ, 12 ವಾರ. ಒಂದು ಗುಂಪು ಪ್ರತಿ ಸಲ 45 ನಿಮಿಷ ಮಧ್ಯಮ ವೇಗದಲ್ಲಿ ಸೈಕಲ್ ತುಳಿಯಿತು. ಇನ್ನೊಂದು ಗುಂಪು ತಲಾ 20 ಸೆಕೆಂಡಿನ ಮೂರು ಪೂರ್ಣ ಬಿರುಸಿನ ಓಟ ತುಳಿಯಿತು; ನಡುವೆ ನಿಧಾನ, ಹಿಂದೆಮುಂದೆ ವಾರ್ಮ್‌ಅಪ್ ಎಲ್ಲ ಸೇರಿ ಹತ್ತು ನಿಮಿಷ. ಕೊನೆಗೆ ಅಳೆದಾಗ ದೇಹ ಒಂದು ನಿಮಿಷದಲ್ಲಿ ಬಳಸಬಲ್ಲ ಗರಿಷ್ಠ ಆಮ್ಲಜನಕ, ಅಂದರೆ ವಿಒ2 ಮ್ಯಾಕ್ಸ್, ಎರಡೂ ಗುಂಪಿನಲ್ಲಿ ಶೇ 19ರಷ್ಟು ಏರಿತ್ತು. ಇನ್ಸುಲಿನ್‌ಗೆ ದೇಹ ಸ್ಪಂದಿಸುವ ರೀತಿಯೂ ಎರಡರಲ್ಲೂ ಸುಧಾರಿಸಿತ್ತು.

ಆದರೆ ಅಲ್ಲಿದ್ದವರ ಸರಾಸರಿ ವಯಸ್ಸು 27. ಹೋಲಿಕೆಗೆಂದು ವ್ಯಾಯಾಮವಿಲ್ಲದೆ ಇರಿಸಿದ್ದ ಗುಂಪೂ ಸೇರಿ ಒಟ್ಟು 25 ಮಂದಿ. ಅವರ 20 ಸೆಕೆಂಡು ಅಂದರೆ ಪ್ರಯೋಗಾಲಯದ ಸೈಕಲ್ಲಿಗೆ ಭಾರೀ ಲೋಡ್ ಹಾಕಿ, ಇನ್ನು ತುಳಿಯಲಾರೆ ಅನ್ನುವಷ್ಟು ತುಳಿದ 20 ಸೆಕೆಂಡು. ಹಾಲ್‌ನಲ್ಲಿ ಯೂಟ್ಯೂಬ್ ಹಾಕಿಕೊಂಡು ಕೈಕಾಲು ಆಡಿಸಿದರೆ ಆ ಮಟ್ಟ ಮುಟ್ಟುವುದಿಲ್ಲ. ಜಿಮ್‌ಗಳಲ್ಲಿ ‘ತಬಾತಾ’ ಅಂತ ನಡೆಸುವುದರ ಕಥೆಯೂ ಇದೇ. ಜಪಾನಿನ ಇಝುಮಿ ತಬಾತಾ 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಸೆಕೆಂಡು ತುಳಿತ, 10 ಸೆಕೆಂಡು ವಿಶ್ರಾಂತಿ. ವಿಒ2 ಮ್ಯಾಕ್ಸ್ ಮುಟ್ಟಲು ಬೇಕಾದ ಶ್ರಮದ ಶೇ 170ರಷ್ಟು ಹೊರೆ. ಏಳೆಂಟು ಸುತ್ತಿಗೆ ತರಬೇತಿ ಪಡೆದ ಹುಡುಗರೇ ಸೋತು ನಿಲ್ಲುತ್ತಿದ್ದರು. ಅವರೂ ವಾರದಲ್ಲಿ ಒಂದು ದಿನ 30 ನಿಮಿಷ ಸಮವೇಗದ ವ್ಯಾಯಾಮ ಮಾಡುತ್ತಿದ್ದರು; ಆ ಒಂದು ದಿನವನ್ನು ಈಗ ಯಾರೂ ನೆನೆಸಿಕೊಳ್ಳುವುದಿಲ್ಲ.

ಕಡಿಮೆ ಹೊತ್ತಿನಲ್ಲಿ ಇಷ್ಟು ಲಾಭ ಹೇಗೆ? ಆರಾಮಾಗಿ ನಡೆಯುವಾಗ ತೊಡೆ, ಮೀನಖಂಡಗಳ ನಿಧಾನದ ಎಳೆಗಳಷ್ಟೇ ದುಡಿಯುತ್ತವೆ. ಬಿರುಸಾದಾಗ, ಸುಮ್ಮನೆ ಕೂತಿದ್ದ ವೇಗದ ಎಳೆಗಳನ್ನೂ ದೇಹ ಕೆಲಸಕ್ಕೆ ಕರೆಯುತ್ತದೆ. ಅವುಗಳಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜೆನ್, ಬೇಗ ಖರ್ಚಾಗುತ್ತದೆ, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳನ್ನು ಹೆಚ್ಚಿಸುವ ಸಂಕೇತ ಜೋರಾಗಿ ಹೊರಡುತ್ತದೆ. ಖಾಲಿಯಾದ ಗ್ಲೈಕೋಜೆನ್ ತುಂಬಿಕೊಳ್ಳಲು ಸ್ನಾಯು ಮುಂದಿನ ಒಂದೆರಡು ದಿನ ರಕ್ತದಿಂದ ಸಕ್ಕರೆಯನ್ನು ಹೆಚ್ಚು ಎಳೆದುಕೊಳ್ಳುತ್ತದೆ. ದೀರ್ಘ ನಡಿಗೆಯ ಲಾಭ ಬೇರೆ ದಾರಿಯಲ್ಲಿ ಬರುತ್ತದೆ: ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳ ಹೆಚ್ಚುತ್ತವೆ, ಕೊಬ್ಬನ್ನು ಇಂಧನವಾಗಿ ಬಳಸುವ ರೂಢಿ ಬೆಳೆಯುತ್ತದೆ. ಮುಖ್ಯವಾಗಿ, ಅದನ್ನು ದಿನಾ ಮಾಡಬಹುದು. ಬಿರುಸಿನದನ್ನು ದಿನಾ ಮಾಡಲಾಗದು.

ಸಾಕ್ಷ್ಯ ಎಂಥದ್ದು ಅನ್ನುವುದನ್ನೂ ನೋಡಬೇಕು. ಹಿಟ್ ಪರವಾಗಿರುವ ಅಧ್ಯಯನಗಳಲ್ಲಿ ಬಹುಪಾಲು ಕೆಲವು ವಾರಗಳವು. ಅಳೆದದ್ದು ವಿಒ2 ಮ್ಯಾಕ್ಸ್‌ನಂಥ ಅಂಕಿ. ನಡಿಗೆಯ ಪರವಾಗಿರುವುದು ಕಾಯಿಲೆ ಬಂತೋ ಇಲ್ಲವೋ ಎಂದು ವರ್ಷಗಟ್ಟಲೆ ನೋಡಿದ ಲೆಕ್ಕ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಕೂತು ಓಡಿಸುವ ಡ್ರೈವರ್‌ಗಳಿಗಿಂತ ಹತ್ತಿಳಿದು ಟಿಕೆಟ್ ಕೊಡುವ ಕಂಡಕ್ಟರ್‌ಗಳಿಗೆ ಹೃದಯರೋಗ ಕಡಿಮೆ ಎಂದು ಜೆರ್ರಿ ಮಾರಿಸ್ ತೋರಿಸಿದ್ದು 1953ರಲ್ಲಿ. ನಿಮ್ಮ 6.1ಕ್ಕೆ ಹತ್ತಿರದ ಸಾಕ್ಷ್ಯ ಚೆನ್ನೈಯದು. ಡಾ. ಎ. ರಾಮಚಂದ್ರನ್ ಅವರ ತಂಡ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಎರಡೂವರೆ ವರ್ಷ ಗಮನಿಸಿ 2006ರಲ್ಲಿ ವರದಿ ಮಾಡಿತು. ಊಟದಲ್ಲಿ ಬದಲಾವಣೆ, ಜೊತೆಗೆ ದಿನಾ ಅರ್ಧ ಗಂಟೆಯ ಚುರುಕು ನಡಿಗೆ ಅಥವಾ ಅಷ್ಟೇ ಶ್ರಮದ ಚಟುವಟಿಕೆ. ಇಷ್ಟರಿಂದಲೇ ಕಾಯಿಲೆಗೆ ಜಾರುವ ಸಂಭವ ಶೇ 28.5ರಷ್ಟು ತಗ್ಗಿತ್ತು. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ತಗ್ಗಿಸುವ ಮಾತ್ರೆ ಕೊಟ್ಟ ಗುಂಪಿನಲ್ಲೂ ಸುಮಾರು ಅಷ್ಟೇ ಇಳಿಕೆ. ಹಿಟ್‌ಗೆ ಇಂಥ ಸಾಕ್ಷ್ಯ ಇನ್ನೂ ಕೂಡಿಬರಬೇಕಿದೆ.

ಎರಡನ್ನೂ ವರ್ಷಗಟ್ಟಲೆ ನೇರವಾಗಿ ಹೋಲಿಸಿದ ದೊಡ್ಡ ಪ್ರಯೋಗ ನಡೆದದ್ದು ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ. 70ರಿಂದ 77 ವಯಸ್ಸಿನ 1,567 ಜನ, ಐದು ವರ್ಷ. ಫಲಿತಾಂಶ ಬಂದದ್ದು 2020ರಲ್ಲಿ. ಒಂದು ಗುಂಪು ವಾರಕ್ಕೆರಡು ಸಲ ನಾಲ್ಕು ನಿಮಿಷದ ನಾಲ್ಕು ಬಿರುಸಿನ ಸುತ್ತು, ಇನ್ನೊಂದು ವಾರಕ್ಕೆರಡು ಸಲ 50 ನಿಮಿಷದ ಮಧ್ಯಮ ಶ್ರಮ, ಮೂರನೆಯದಕ್ಕೆ ‘ಸರ್ಕಾರದ ಸಲಹೆಯಂತೆ ದಿನಾ ಅರ್ಧ ಗಂಟೆ ಚಟುವಟಿಕೆಯಿಂದಿರಿ’ ಎಂಬ ಮಾತು ಮಾತ್ರ. ಐದು ವರ್ಷದಲ್ಲಿ ತೀರಿಕೊಂಡವರು ಹಿಟ್ ಗುಂಪಿನಲ್ಲಿ ಶೇ 3, ಮಧ್ಯಮದಲ್ಲಿ 5.9, ಮೂರನೆಯದರಲ್ಲಿ 4.7. ನೋಡಲು ಹಿಟ್ ಗೆದ್ದಂತಿದೆ. ಆದರೆ ಈ ಅಂತರ ಆಕಸ್ಮಿಕವಲ್ಲ ಎಂದು ಸಂಖ್ಯಾಶಾಸ್ತ್ರದ ಪ್ರಕಾರ ಹೇಳುವಷ್ಟು ಬಲವಾಗಿರಲಿಲ್ಲ. ಒಂದು ಸ್ವಾರಸ್ಯ: ಬರೀ ಸಲಹೆ ಪಡೆದವರಲ್ಲಿ ಅನೇಕರು ತಾವಾಗಿಯೇ ಬಿರುಸಿನ ವ್ಯಾಯಾಮ ಮಾಡುತ್ತಿದ್ದರು. ನಾರ್ವೆಯ ಅಜ್ಜಂದಿರು ಸುಮ್ಮನೆ ಕೂರುವ ಪೈಕಿ ಅಲ್ಲ.

ತೂಕದ ವಿಷಯದಲ್ಲಿ ಎರಡೂ ಸರಿಸಮ, ಎರಡೂ ಅಷ್ಟಕ್ಕಷ್ಟೆ. 74 ಕೆಜಿಯವರು 40 ನಿಮಿಷ ಚುರುಕಾಗಿ ನಡೆದರೆ ಸುಮಾರು 180–190 ಕ್ಯಾಲೊರಿ ಖರ್ಚು. ಹಿಟ್ ಮಾಡಿದರೆ ಮುಗಿಸಿದ ಮೇಲೂ ದಿನವಿಡೀ ಕೊಬ್ಬು ಉರಿಯುತ್ತಲೇ ಇರುತ್ತದೆ ಅನ್ನುವ ಪ್ರಚಾರ ಕೇಳಿರುತ್ತೀರಿ. ಆ ನಂತರದ ಖರ್ಚು ವ್ಯಾಯಾಮದಲ್ಲಿ ಉರಿದದ್ದರ ಶೇ 6ರಿಂದ 15ರಷ್ಟು ಮಾತ್ರ. ಹತ್ತು–ಇಪ್ಪತ್ತು ನಿಮಿಷದ ಹಿಟ್‌ಗೆ ಅದು ಹೆಚ್ಚೆಂದರೆ ಒಂದು ಮಾರಿ ಬಿಸ್ಕತ್ತಿಗೆ ಸಮ. ತೂಕ ಇಳಿಯಬೇಕೆಂದರೆ ತಟ್ಟೆಯಲ್ಲಿ ಅನ್ನ ಇಳಿಯಬೇಕು, ಬೇಳೆ–ಕಾಳು–ಸೊಪ್ಪು ಏರಬೇಕು.

ಹಾಗಾದರೆ ನೀವು ಮಾಡಬೇಕಾದದ್ದು? ಜಪಾನಿನ ಮಾತ್ಸುಮೊತೊದ ಶಿನ್‌ಶು ವಿಶ್ವವಿದ್ಯಾಲಯದಲ್ಲಿ ಹಿರೋಶಿ ನೋಸೆ ತಂಡ ನಡುವಯಸ್ಸಿನವರು, ಮುದುಕರಿಗಾಗಿಯೇ ರೂಪಿಸಿದ ಕ್ರಮವೊಂದಿದೆ: ಮೂರು ನಿಮಿಷ ಬಿರುಸು ನಡಿಗೆ, ಮೂರು ನಿಮಿಷ ನಿಧಾನ, ಹೀಗೆ ಐದು ಸುತ್ತು. ಓಟವೂ ಇಲ್ಲ, ಜಿಗಿತವೂ ಇಲ್ಲ. ಕೋಪನ್‌ಹೇಗನ್‌ನಲ್ಲಿ ಸಕ್ಕರೆ ಕಾಯಿಲೆಯವರ ಮೇಲೆ ಇದೇ ಕ್ರಮದ ನಡಿಗೆಯನ್ನು ನಾಲ್ಕು ತಿಂಗಳು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ವಾರಕ್ಕೆ ಐದು ದಿನ, ಒಂದೊಂದು ಗಂಟೆ. ಎರಡೂ ಗುಂಪು ಖರ್ಚು ಮಾಡುವ ಶಕ್ತಿ ಸಮವಾಗಿರುವಂತೆ ಏರ್ಪಾಡು. ಏರಿಳಿತದ ವೇಗದಲ್ಲಿ ನಡೆದವರ ವಿಒ2 ಮ್ಯಾಕ್ಸ್ ಶೇ 16ರಷ್ಟು ಹೆಚ್ಚಿತು, ಕೊಬ್ಬು ಇಳಿಯಿತು, ಸಕ್ಕರೆ ಹತೋಟಿ ಸುಧಾರಿಸಿತು. ಒಂದೇ ವೇಗದಲ್ಲಿ ನಡೆದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ನಿಮ್ಮ ಎರಡು ವರ್ಷದ ಅನುಭವಕ್ಕೆ ಇದಕ್ಕಿಂತ ಹತ್ತಿರದ ಪ್ರಯೋಗ ಇನ್ನೊಂದಿಲ್ಲ.

12 ವಾರದ ಕ್ರಮ ಹೀಗಿರಲಿ. ಮೊದಲ ಎರಡು ವಾರ ಬೇರೇನೂ ಬೇಡ. ಈಗಿನ ನಡಿಗೆಯನ್ನೇ 30 ಸೆಕೆಂಡಿಗೆ 55 ಹೆಜ್ಜೆಗೆ ತನ್ನಿ. ಮೂರು, ನಾಲ್ಕನೇ ವಾರ ಸೋಮವಾರ ಮತ್ತು ಗುರುವಾರ ಎಂಟು ನಿಮಿಷ ಸಾಧಾರಣ ನಡಿಗೆಯಾದ ಮೇಲೆ ಮೂರು ನಿಮಿಷ ಬಿರುಸು, ಮೂರು ನಿಮಿಷ ನಿಧಾನ, ಮೂರು ಸುತ್ತು, ಕೊನೆಗೆ ಐದು ನಿಮಿಷ ಇಳಿವೇಗ. ಐದನೇ ವಾರದಿಂದ ಐದು ಸುತ್ತು. ಬಿರುಸು ಅಂದರೆ 30 ಸೆಕೆಂಡಿಗೆ 62–65 ಹೆಜ್ಜೆ, ಮೂರನೇ ನಿಮಿಷದ ಹೊತ್ತಿಗೆ ಫೋನ್ ಬಂದರೆ ‘ಆಮೇಲೆ ಮಾಡ್ತೀನಿ’ ಅನ್ನುವಷ್ಟೇ ಉಸಿರಿರಬೇಕು. ಮಂಗಳವಾರ, ಶುಕ್ರವಾರ, ಶನಿವಾರ ನಿಮ್ಮ ಹಳೇ ವಾಕಿಂಗ್, 40–45 ನಿಮಿಷ. ಬುಧವಾರ, ಶನಿವಾರ ಬಸ್ಕಿ. ಭಾನುವಾರ ರಜೆ. ಇದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಕನಿಷ್ಠ ಅಳತೆಯನ್ನು ದಾಟುತ್ತದೆ: ವಾರಕ್ಕೆ 150–300 ನಿಮಿಷ ಮಧ್ಯಮ ಅಥವಾ 75–150 ನಿಮಿಷ ತೀವ್ರ ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯುಬಲದ್ದು.

ಬಿರುಸಾಗಿ ನಡೆಯುವಾಗ ಎಲ್ಲರೂ ಮಾಡುವ ತಪ್ಪು ಹೆಜ್ಜೆಯನ್ನು ಉದ್ದ ಮಾಡುವುದು. ಆಗ ಹಿಮ್ಮಡಿ ದೇಹಕ್ಕಿಂತ ತುಂಬ ಮುಂದೆ ಬಡಿದು, ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆಯ ಗುಂಟ ನೋವು ಶುರುವಾಗುತ್ತದೆ. ಹೆಜ್ಜೆ ಗಿಡ್ಡವಿರಲಿ, ಪಟಪಟನೆ ಬೀಳಲಿ. ಮೊಣಕೈ ಮಡಚಿ ಕೈ ಬೀಸಿ. ಕೈ ಚುರುಕಾದರೆ ಕಾಲು ತಾನಾಗಿ ಚುರುಕಾಗುತ್ತದೆ. ದಿನಕ್ಕೆ ಮೂರೂವರೆ ಕಿಲೋಮೀಟರಿನಂತೆ ಎರಡು ವರ್ಷ ಒಂದೇ ಶೂನಲ್ಲಿ ನಡೆದಿದ್ದರೆ 2,000 ಕಿಲೋಮೀಟರ್ ದಾಟಿರುತ್ತದೆ. ಅದರ ಮೆತ್ತೆ 600–800 ಕಿಲೋಮೀಟರಿಗೇ ಸತ್ತಿರುತ್ತದೆ. ಮೊದಲು ಅದನ್ನು ಬದಲಿಸಿ.

ಎರಡನೇ ತಪ್ಪು ಮೊದಲ ಸುತ್ತಿನಲ್ಲೇ ಶಕ್ತಿಯನ್ನೆಲ್ಲ ಸುರಿಯುವುದು. ಐದನೇ ಸುತ್ತೂ ಮೊದಲನೆಯದರ ವೇಗದಲ್ಲೇ ಮುಗಿಯಬೇಕು. ಮೂರನೆಯದು, ಹೆಚ್ಚು ಜನ ಎಡವುವುದು ಇಲ್ಲೇ: ನಿಧಾನದ ಮೂರು ನಿಮಿಷವನ್ನು ನಿಧಾನ ಮಾಡದಿರುವುದು. ಸೋಮಾರಿತನ ಅನ್ನಿಸಿ ಅಲ್ಲೂ ವೇಗ ಬಿಡುವುದಿಲ್ಲ, ಬಿರುಸಿಗೆ ಬೇಕಾದ ಕಸುವು ಉಳಿಯುವುದಿಲ್ಲ, ಕೊನೆಗೆ ಇಡೀ ಅರ್ಧ ಗಂಟೆ ಒಂದೇ ನಡುವೇಗದಲ್ಲಿ ಕಳೆದು ಸುಸ್ತು ಮಾತ್ರ ಸಿಗುತ್ತದೆ.

ನಾಡಿ ನೋಡುವವರಾದರೆ ನಿಮ್ಮ ಗರಿಷ್ಠ ಬಡಿತ ಅಂದಾಜು 208ರಿಂದ ವಯಸ್ಸಿನ 0.7 ಪಾಲು ಕಳೆದಷ್ಟು, ಅಂದರೆ 175. ಸಾಧಾರಣ ವಾಕಿಂಗ್‌ಗೆ 112–133, ಬಿರುಸಿನ ಕೊನೆಯ ನಿಮಿಷಕ್ಕೆ 140–155. ಈ ಸೂತ್ರ ಒಬ್ಬೊಬ್ಬರಲ್ಲಿ ಹತ್ತು ಬಡಿತ ಆಚೀಚೆ ಆಗುವುದು ಮಾಮೂಲು, ಹಾಗಾಗಿ ಉಸಿರಿನ ಪರೀಕ್ಷೆಯೇ ಮೊದಲು. ಕೈಗಡಿಯಾರದ ಸೆನ್ಸರ್ ಬಡಿತ ಏರಿದ ಸ್ವಲ್ಪ ಹೊತ್ತಿನ ಮೇಲೆ ತೋರಿಸುತ್ತದೆ. 20 ಸೆಕೆಂಡಿನ ಓಟಕ್ಕೆ ಅದನ್ನು ನಂಬಿದರೆ ಕೆಟ್ಟಿರಿ. ಮೂರು ನಿಮಿಷಕ್ಕಾದರೆ ಅಡ್ಡಿಯಿಲ್ಲ.

ಒಂಬತ್ತನೇ ವಾರದಿಂದ ನಡಿಗೆ ಸಲೀಸಾದರೆ, ಎಷ್ಟೇ ಬೇಗ ಹೆಜ್ಜೆ ಹಾಕಿದರೂ ಏದುಸಿರು ಬಾರದಿದ್ದರೆ, ಬಿರುಸಿನ ಎರಡು ದಿನಗಳಲ್ಲಿ ಒಂದನ್ನು ಮೆಟ್ಟಿಲಿಗೆ ಬದಲಿಸಿ. ದಾವಣಗೆರೆಯಂಥ ಬಯಲುಸೀಮೆ ಊರಿನಲ್ಲಿ ಏರುದಾರಿ ಹುಡುಕುವುದಕ್ಕಿಂತ ಮೂರು ಮಹಡಿಯ ಮೆಟ್ಟಿಲು ಸುಲಭವಾಗಿ ಸಿಗುತ್ತದೆ. ಸುಮಾರು 60 ಮೆಟ್ಟಿಲು ಚುರುಕಾಗಿ ಹತ್ತಿ, ಕಂಬಿ ಹಿಡಿದು ನಿಧಾನಕ್ಕೆ ಇಳಿದು, ಕೆಳಗೆ ಒಂದು ನಿಮಿಷ ಸುಧಾರಿಸಿಕೊಂಡು ಮತ್ತೆ ಹತ್ತಿ. ನಾಲ್ಕರಿಂದ ಆರು ಸಲ. ಹತ್ತುವುದು ಹೃದಯಕ್ಕೆ ಕೆಲಸ, ಇಳಿಯುವುದು ಮೊಣಕಾಲಿಗೆ ಪೆಟ್ಟು. ಮೈಸೂರಿನವರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಮೊದಲ ದಿನವೇ ಹತ್ತಿ ಇಳಿದು, ಮಾರನೇ ದಿನ ತೊಡೆ ಹಿಡಿದುಕೊಂಡು ಕೂರುವುದು ಇಳಿದದ್ದರಿಂದ. ಹತ್ತಿ, ಬಸ್ಸಿನಲ್ಲಿ ಇಳಿದರೆ ನಾಚಿಕೆಯೇನಿಲ್ಲ.

ಮಗ ಹೇಳುವ ಹಿಟ್‌ನಲ್ಲಿ ಬರುವ ಬರ್ಪಿ, ಜಂಪಿಂಗ್ ಜ್ಯಾಕ್‌ನಂಥ ಜಿಗಿತದ ವ್ಯಾಯಾಮ ಸದ್ಯ ಬೇಡ. ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ 74 ಕೆಜಿ ಜಿಗಿದರೆ ಹೃದಯಕ್ಕಿಂತ ಮೊದಲು ಹಿಮ್ಮಡಿ ದೂರು ಹೇಳುತ್ತದೆ. ಬಸ್ಕಿಗೆ ಒಂದು ಕುರ್ಚಿ ಸಾಕು: ಕೂರುವಂತೆ ಹಿಂದಕ್ಕೆ ಸರಿದು, ಕುರ್ಚಿ ತಾಗುತ್ತಲೇ ಏಳಿ. ಹತ್ತರಂತೆ ಮೂರು ಸಲ. ಜೊತೆಗೆ ಗೋಡೆಗೆ ಅಥವಾ ಅಡುಗೆಮನೆ ಕಟ್ಟೆಗೆ ಕೈಕೊಟ್ಟು ದಂಡ, ಅದೂ ಅಷ್ಟೇ. ಊಟದ ಸಕ್ಕರೆ ಹೋಗಿ ಸೇರುವ ದೊಡ್ಡ ಜಾಗ ಸ್ನಾಯು. ವಾಕಿಂಗೋ ಹಿಟ್ಟೋ ಎಂದು ಜಗಳವಾಡುವವರು ಇದನ್ನೇ ಮರೆಯುತ್ತಾರೆ. ರಾತ್ರಿ ಊಟವಾದ ಮೇಲೆ 10–15 ನಿಮಿಷ ಬೀದಿಯಲ್ಲಿ ಒಂದು ಸುತ್ತು ಹಾಕಿ. ಊಟದ ನಂತರ ಸಕ್ಕರೆ ಏರುವುದನ್ನು ತಡೆಯುವಲ್ಲಿ ಬೆಳಗಿನ ಯಾವ ವ್ಯಾಯಾಮಕ್ಕಿಂತ ಇದು ನೇರ.

ಇನ್ನು ಮನೆಯವರ ಹೆದರಿಕೆ. ಒಬ್ಬರ ಸಾವಿನಿಂದ, ಅದರ ಹಿನ್ನೆಲೆ ಪೂರ್ತಿ ತಿಳಿಯದೆ, ಎಲ್ಲರಿಗೂ ಅನ್ವಯಿಸುವ ನಿಯಮ ತೆಗೆಯಬಾರದು. ಆದರೆ ಅಪಾಯ ಇಲ್ಲವೇ ಇಲ್ಲ ಅನ್ನುವುದೂ ಸುಳ್ಳು. ಅಮೆರಿಕದಲ್ಲಿ ಹೃದಯಾಘಾತವಾದವರನ್ನು ವಿಚಾರಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾರೀ ಶ್ರಮದ ನಂತರದ ಒಂದು ಗಂಟೆಯಲ್ಲಿ ಆಘಾತದ ಸಂಭವ ಬೇರೆ ಹೊತ್ತಿಗಿಂತ ಸುಮಾರು ಆರು ಪಟ್ಟು ಕಂಡಿತು. ಆ ಸರಾಸರಿಯನ್ನು ಬಿಡಿಸಿ ನೋಡಿದರೆ ವಾರಕ್ಕೆ ಐದು ದಿನವಾದರೂ ಶ್ರಮಪಡುವವರಿಗೆ 2.4 ಪಟ್ಟು, ಎಂದೋ ಒಮ್ಮೆ ಮೈಮುರಿದು ದುಡಿಯುವವರಿಗೆ 107 ಪಟ್ಟು. ರೂಢಿಯಿಲ್ಲದ ದೇಹಕ್ಕೆ ಏಕಾಏಕಿ ಬಿರುಸು ಕೊಡುವುದರಲ್ಲೇ ಕೆಡುಕಿದೆ. ಮೊದಲೆರಡು ವಾರ ಬರೀ ವೇಗ ಏರಿಸಿ ಅಂದದ್ದು ಇದಕ್ಕೇ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ನಡುವಯಸ್ಸು 53. ಉಳಿದ ದೇಶಗಳವರಿಗೆ ಸುಮಾರು 59. ನಮಗೆ ಎಚ್ಚರ ಒಂದು ಗುಲಗಂಜಿ ಹೆಚ್ಚೇ ಇರಬೇಕು.

ಹಾಗಾಗಿ ಬಿರುಸಿನ ಸುತ್ತು ಶುರುಮಾಡುವ ಮುಂಚೆ ಡಾಕ್ಟರನ್ನು ಕಂಡು ಇಸಿಜಿ ಮಾಡಿಸಿ, ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯದ ಪರೀಕ್ಷೆ) ಬೇಕೇ ಎಂದು ಕೇಳಿ. ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದಯರೋಗ ಬಂದಿದ್ದರೆ, ನೀವು ಸಿಗರೇಟ್ ಸೇದುವವರಾದರೆ, ಹತ್ತುವಾಗ ಎದೆ ಭಾರವಾಗುತ್ತಿದ್ದರೆ ಅದನ್ನು ಮುಚ್ಚಿಡದೆ ಹೇಳಿ. ಟಿಎಂಟಿ ಸರಿ ಬಂದಮಾತ್ರಕ್ಕೆ ಮುಚ್ಚಳಿಕೆ ಬರೆದುಕೊಟ್ಟ ಹಾಗಲ್ಲ. ರಕ್ತನಾಳದ ಸಣ್ಣ ಕೊಬ್ಬಿನ ಗಡ್ಡೆ ಅದರಲ್ಲಿ ಕಾಣುವುದಿಲ್ಲ, ಒಡೆಯುವುದು ಕೆಲವೊಮ್ಮೆ ಅದೇ. ನಡೆಯುವಾಗ ಎದೆ, ದವಡೆ, ಎಡತೋಳಿನಲ್ಲಿ ಒತ್ತಡ, ತಣ್ಣನೆ ಬೆವರು, ಕಣ್ಣು ಕತ್ತಲೆ ಬಂದರೆ ಅಲ್ಲೇ ನಿಲ್ಲಿ. ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿಯುತ್ತ ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ ಹೋಗಿ. ಜ್ವರ ಇದ್ದಾಗ, ಇಳಿದ ಮೇಲೂ ಮೈ ಸುಧಾರಿಸುವವರೆಗೆ, ಬಿರುಸಿನ ಸುತ್ತು ಬೇಡ. ವೈರಸ್ ಹೃದಯದ ಸ್ನಾಯುವಿಗೂ ಉರಿಯೂತ ತರಬಲ್ಲದು. ವಿಪರೀತ ವ್ಯಾಯಾಮದ ಮಾರನೇ ದಿನ ಮೈಕೈ ಊದಿ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಇಳಿಯುತ್ತಿದೆ ಎಂದರ್ಥ. ಅದಕ್ಕೆ ಮನೆಮದ್ದಿಲ್ಲ.

ಮುಂದೆ ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯ ಮಾತ್ರೆ ಕೊಟ್ಟರೆ ಮೇಲಿನ ನಾಡಿ ಲೆಕ್ಕವನ್ನು ಪಕ್ಕಕ್ಕಿಡಿ, ಅವು ಬಡಿತವನ್ನೇ ತಗ್ಗಿಸುತ್ತವೆ. ಇದನ್ನು ಓದುವ ಸಕ್ಕರೆ ಕಾಯಿಲೆಯವರು ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಖಾಲಿ ಹೊಟ್ಟೆಯಲ್ಲಿ ಬಿರುಸಾಗಿ ನಡೆಯಬಾರದು, ಜೇಬಿನಲ್ಲಿ ಸಕ್ಕರೆಯೋ ಗ್ಲೂಕೋಸ್ ಪುಡಿಯೋ ಇರಲಿ. ಕಣ್ಣಿನ ರೆಟಿನಾದಲ್ಲಿ ಹೊಸ ರಕ್ತನಾಳ ಬೆಳೆದಿದೆ ಎಂದು ಕಣ್ಣಿನ ಡಾಕ್ಟರ್ ಹೇಳಿದ್ದರೆ ಬಿರುಸಿನದು, ಉಸಿರು ಬಿಗಿಹಿಡಿದು ಭಾರ ಎತ್ತುವುದು ಎರಡೂ ವರ್ಜ್ಯ. ಬಿರುಸಿನ ಸುತ್ತು ಮುಗಿಯುತ್ತಲೇ ಬೆರಳು ಚುಚ್ಚಿ ನೋಡಿದರೆ ಸಕ್ಕರೆ 20–30 ಅಂಕ ಏರಿರಬಹುದು. ಅದು ಅಡ್ರಿನಲಿನ್ ಕೆಲಸ, ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಗಾಬರಿಯಿಂದ ಮಾತ್ರೆ ಹೆಚ್ಚಿಸಬೇಡಿ.

ಎಚ್‌ಬಿಎ1ಸಿಯನ್ನು ತಿಂಗಳಿಗೇ ಮಾಡಿಸಿ ನಿರಾಶರಾಗಬೇಡಿ. ಅದು ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯ ಲೆಕ್ಕ, ಆ ಕಣಗಳ ಆಯಸ್ಸು ಸುಮಾರು 120 ದಿನ. ಮೂರು ತಿಂಗಳು ಮುಗಿದ ಮೇಲೆ, ಅದೇ ಲ್ಯಾಬಿನಲ್ಲಿ ಮಾಡಿಸಿ. ಅಲ್ಲಿಯವರೆಗೆ ಮೊದಲ ದಿನ ಒಂದು ಅಳತೆ ಬರೆದಿಟ್ಟುಕೊಳ್ಳಿ: ಹಿಂದಿನ ದಿನ ವಿಶ್ರಾಂತಿ ಪಡೆದು, ಗುರುತಿಟ್ಟ ಒಂದು ಕಿಲೋಮೀಟರನ್ನು ಓಡದೆ ಎಷ್ಟು ನಿಮಿಷಕ್ಕೆ ನಡೆದಿರಿ, ಮುಗಿದ ಕೂಡಲೇ ನಾಡಿ ಎಷ್ಟಿತ್ತು, ಒಂದು ನಿಮಿಷ ನಿಂತ ಮೇಲೆ ಎಷ್ಟಕ್ಕೆ ಇಳಿಯಿತು. ನಾಲ್ಕು ವಾರಕ್ಕೊಮ್ಮೆ ಅದೇ ದಾರಿ, ಅದೇ ಹೊತ್ತು. ನಾಡಿ ಒಂದು ನಿಮಿಷದಲ್ಲಿ ಇಳಿಯುವುದು ಹೆಚ್ಚುತ್ತ ಹೋದರೆ ತಕ್ಕಡಿಯ ಮುಳ್ಳು ಅಲ್ಲಾಡದಿದ್ದರೂ ಕ್ರಮ ಬದಲಿಸಬೇಡಿ. ಎಂಟನೇ ವಾರಕ್ಕೂ ಏನೂ ಕದಲದಿದ್ದರೆ, ಬಿರುಸಿನ ಮೂರು ನಿಮಿಷದಲ್ಲಿ ಹೆಜ್ಜೆ ಇನ್ನೊಮ್ಮೆ ಎಣಿಸಿ ನೋಡಿ.